ಮಳೆ ಹಿಡಿದರೆ ಅಪ್‌ಲೋಡ್ ತೆವಳುತ್ತದೆ. ಕಳಿಸುವ ವೇಗ ನಿರ್ಧರಿಸುವ ವಿಧಾನ ಬದಲಿಸಿ, ಕ್ಯೂಬಿಕ್ ಬಿಟ್ಟು ಬಿಬಿಆರ್ ಹಾಕಲಾ?

ತೋಟದಮನೆ, ಶಿರಸಿ
ನಮಸ್ಕಾರ. ನಮ್ಮನೆ ಹುಲೇಕಲ್ ಹತ್ತಿರ, ಅಡಿಕೆ ತೋಟದ ಅಂಚಿಗೆ. ಗುಡ್ಡದ ಮೇಲಿನ ಕಂಬದಿಂದ ರೇಡಿಯೋ ಲಿಂಕ್ ಬರುತ್ತದೆ. ಮಳೆಗಾಲದ ತಾಳಮದ್ದಲೆಗಳ ವಿಡಿಯೋ ಮಾಡಿ ಬೆಂಗಳೂರಿನ ಸರ್ವರ್‌ಗೆ ಆರ್‌ಸಿಂಕ್ ಎಂಬ ಫೈಲ್ ಕಳಿಸುವ ತಂತ್ರಾಂಶದಲ್ಲಿ ಕಳಿಸುತ್ತೇನೆ. ಹಿರಿಯ ಅರ್ಥಧಾರಿಗಳ ಮಾತು ಒಂದೂ ಕಳೆದುಹೋಗಬಾರದು ಅಂತ ಆಸೆ.

ಒಂದು ಪ್ರಸಂಗ ಅಂದರೆ 12 ಜಿಬಿ. ಹೊಳವಿದ್ದ ದಿನ 20 ಎಂಬಿಪಿಎಸ್ ಸಿಗುತ್ತದೆ, ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಮಳೆ ಹಿಡಿದು ಸೋಗೆಯಿಂದ ನೀರು ಇಳಿಯುತ್ತಿದ್ದರೆ 2ಕ್ಕೆ ಬರುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಆಸರಿ ಕುಡಿಯುವಾಗಲೂ ಓಡುತ್ತಲೇ ಇರುತ್ತದೆ. ಪಿಂಗ್ (ಹೋಗಿಬರುವ ಸಮಯ) ಮಾತ್ರ 45 ಮಿಲಿಸೆಕೆಂಡ್, ಏರುವುದಿಲ್ಲ. ನೂರರಲ್ಲಿ ಎರಡು ಪ್ಯಾಕೆಟ್ (ಡೇಟಾದ ತುಣುಕು) ಕಾಣೆ.

ಸರ್ವರ್‌ನಲ್ಲಿ ಬಿಬಿಆರ್ ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ. ಮನೆಯ ಲಿನಕ್ಸ್‌ನಲ್ಲಿ ಕ್ಯೂಬಿಕ್ ಇದೆ.

ಕಾಳಿದಂಡೆ, ಕಾರವಾರ
ಹಾಕಿದ ಜಾಗ ತಪ್ಪಾಗಿದೆ ಮಾರಾಯ್ರೆ. ಎಷ್ಟು ಕಳಿಸಬೇಕು ಅಂತ ತೀರ್ಮಾನ ಮಾಡುವುದು ಕಳಿಸುವವನು. ಅಪ್‌ಲೋಡ್‌ನಲ್ಲಿ ಕಳಿಸುವವರು ನೀವೇ, ಹಾಗಾಗಿ ಮನೆಯ ಯಂತ್ರದಲ್ಲೇ ಬದಲಿಸಬೇಕು.

ಕ್ಯೂಬಿಕ್ ಲಾಸ್, ಅಂದರೆ ಪ್ಯಾಕೆಟ್ ಕಳೆದದ್ದು, ಕಂಡರೆ ದಾರಿಯಲ್ಲಿ ದಟ್ಟಣೆ ಇದೆ ಅಂತಲೇ ತಿಳಿಯುತ್ತದೆ. ಹಾಗೆ ತಿಳಿಯುವುದಕ್ಕೂ ಕಾರಣ ಇದೆ. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎರಡು ಕಟ್ಟಡಗಳ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಎಲ್ಲರೂ ಹಿಂದೆಮುಂದೆ ನೋಡದೆ ನುಗ್ಗುತ್ತಿದ್ದರು. ಸಂಶೋಧಕ ವ್ಯಾನ್ ಜೇಕಬ್ಸನ್ 1988ರಲ್ಲಿ ಇದಕ್ಕೆ ಮದ್ದು ಬರೆದರು: ಪ್ಯಾಕೆಟ್ ಕಳೆದರೆ ಹಿಂದೆ ಸರಿ. ರಿನೋ ಎಂಬ ಹಳೆಯ ವಿಧಾನ ಅರ್ಧಕ್ಕೆ ಸರಿಯುತ್ತದೆ, ಕ್ಯೂಬಿಕ್ 70%ಗೆ.

ನಿಮ್ಮಲ್ಲಿ ದಟ್ಟಣೆಯೇ ಇಲ್ಲ. ಇದ್ದಿದ್ದರೆ ಸರತಿ ಬೆಳೆದು ಪಿಂಗ್ ಏರಬೇಕಿತ್ತು, ಅಲ್ವಾ? ಒದ್ದೆ ಎಲೆ ಸಿಗ್ನಲ್ ನುಂಗುತ್ತಿದೆ, ಕ್ಯೂಬಿಕ್ ಸುಮ್ನೆ ಹಿಂದೆ ಸರಿಯುತ್ತಿದೆ. 45 ಮಿಲಿಸೆಕೆಂಡ್, 2% ಲಾಸ್ ಅಂದರೆ ರಿನೋ ಲೆಕ್ಕದಲ್ಲೂ ಸುಮಾರು 2 ಎಂಬಿಪಿಎಸ್ಸೇ ಬರುತ್ತದೆ. ನೀವು ಹೇಳಿದ್ದಕ್ಕೆ ಸರಿಯಾಗಿ ಕೂಡುತ್ತದೆ.

ಬಿಬಿಆರ್ ದಾರಿಯ ಅಗಲವನ್ನೂ (ಎಷ್ಟು ವೇಗ ಹಿಡಿಯುತ್ತದೆ ಅಂತ), ಅತಿ ಕಡಿಮೆ ಹೋಗಿಬರುವ ಸಮಯವನ್ನೂ ಅಳೆದು ಕಳಿಸುತ್ತದೆ, ಲಾಸ್ ಕಂಡ ಮಾತ್ರಕ್ಕೆ ಹಿಂದೆ ಸರಿಯುವುದಿಲ್ಲ. ಲಿನಕ್ಸ್ 4.9ರಿಂದ ಇದೆ. ಮಾಡ್ಯೂಲ್ ಲೋಡ್ ಮಾಡಿ ಹಾಕಿ. ಆರ್‌ಸಿಂಕ್ ನಿಲ್ಲಿಸಿ ಮತ್ತೆ ಶುರು ಮಾಡಿ. ಹಳೆಯ ಕನೆಕ್ಷನ್ ಹಳೆಯದರಲ್ಲೇ ಇರುತ್ತದೆ.

ಅಘನಾಶಿನಿ, ಕುಮಟಾ
ಒಂದು ಎಚ್ಚರಿಕೆ. ಲಿನಕ್ಸ್ ಜೊತೆ ಬರುವ ಬಿಬಿಆರ್ ಮೊದಲ ಆವೃತ್ತಿಯದು. ಬಫರ್ (ಪ್ಯಾಕೆಟ್‌ಗಳು ಸರತಿಯಲ್ಲಿ ಕಾಯುವ ಜಾಗ) ಚಿಕ್ಕದಿದ್ದ ಕಡೆ ಪಕ್ಕದ ಕ್ಯೂಬಿಕ್‌ನ ಪಾಲನ್ನೂ ಎಳೆದುಕೊಳ್ಳುತ್ತದೆ. ಅದೇ ಗುಡ್ಡದ ಕಂಬದಿಂದ ಬೇರೆ ಮನೆಗಳಿಗೂ ಲಿಂಕ್ ಇದೆಯಾ? ಇದ್ದರೆ ಆರ್‌ಸಿಂಕ್‌ಗೆ ಮಿತಿ ಹಾಕಿ. ಎಲ್ಲದಕ್ಕಿಂತ ಮೊದಲು ಡಿಶ್ ಎದುರಿನ ಮರ ನೋಡಿ. ಅಡ್ಡ ತಪ್ಪಿಸಿ ಲಾಸ್ ನಿಂತರೆ ಕ್ಯೂಬಿಕ್ಕೇ ಸಾಕು.

ತೋಟದಮನೆ, ಶಿರಸಿ
ನಿನ್ನೆ ಸಂಜೆ ಜೋರು ಮಳೆಯಲ್ಲೇ ಮನೆಯ ಯಂತ್ರಕ್ಕೆ ಹಾಕಿದೆ. 14 ಎಂಬಿಪಿಎಸ್! ಎರಡು ಗಂಟೆಯೊಳಗೆ ಪೂರ್ತಿ ಪ್ರಸಂಗ ಹೋಯಿತು. ಕಣ್ಣಲ್ಲಿ ನೀರೇ ಬಂತು.

ಕಂಬದಿಂದ ಇನ್ನೂ ನಾಲ್ಕು ಮನೆಗಳಿಗೆ ಲಿಂಕ್ ಇದೆ. ಅದಕ್ಕೇ ಹಗಲು 8 ಎಂಬಿಪಿಎಸ್‌ಗೆ ಮಿತಿ ಹಾಕಿದ್ದೇನೆ, ರಾತ್ರಿ ಹತ್ತರ ಮೇಲೆ ತೆಗೆಯುತ್ತೇನೆ. ಡಿಶ್ ಎದುರಿಗೆ ಎರಡು ಅಡಿಕೆ ಮರ ನಿಜವಾಗಿಯೂ ಅಡ್ಡ ಇವೆ. ಅಪ್ಪ ಕಡಿಯಲು ಒಪ್ಪುವುದಿಲ್ಲ, ಫಸಲು ಕೊಡುವ ಮರ. ಹೊಳವಾದ ಮೇಲೆ ಡಿಶ್ಶನ್ನೇ ಅಟ್ಟದ ಮೇಲಕ್ಕೆ ಏರಿಸುತ್ತೇನೆ.