ಅಪ್‌ಡೇಟ್: ಕೋರೆಲ್‌ಡ್ರಾ ಬಿಟ್ಟು ಇಂಕ್‌ಸ್ಕೇಪ್ ಹಿಡಿದ ಮೇಲೆ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ನನ್ನ ಲಗ್ನಪತ್ರಿಕೆ ಅಂಗಡಿಗೆ ದುಡ್ಡು ಕೊಟ್ಟು ಕೊಳ್ಳುವ ವಿನ್ಯಾಸ ತಂತ್ರಾಂಶ ಕೋರೆಲ್‌ಡ್ರಾ ಬದಲು ಅಂಥದ್ದೇ ಉಚಿತ ತಂತ್ರಾಂಶ ಇಂಕ್‌ಸ್ಕೇಪ್ ಸಾಕೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಶರಣು. ಮೂರು ತಿಂಗಳಲ್ಲಿ ಮುಕ್ಕಾಲು ಪಾಲು ಕೆಲಸ ಇಂಕ್‌ಸ್ಕೇಪ್‌ನಲ್ಲೇ ನಡೆಯುತ್ತಿದೆ.

ಕೋರೆಲ್‌ಡ್ರಾದ ಹಳೆಯ ಸಿಡಿಆರ್ ಕಡತಗಳು ಅದರಲ್ಲಿ ತೆರೆದುಕೊಳ್ಳುತ್ತವೆ, ಕೆಲವದರಲ್ಲಿ ನೆರಳು ಕೆಡುತ್ತದೆ, ಅಷ್ಟೆ. ನಿಜವಾದ ತಲೆನೋವು ಅಕ್ಷರದ್ದು. ನನ್ನ ಹಳೆಯ ಪತ್ರಿಕೆಗಳೆಲ್ಲ ಯೂನಿಕೋಡ್ (ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ‘ನುಡಿ’ ಫಾಂಟಿನಲ್ಲಿದ್ದವು. ಫಾಂಟ್ ಬದಲಿಸಿದೊಡನೆ ‘ಚಿ. ಸೌ.’ ಎಂಬುದು ತಾಯಿತದೊಳಗಿನ ಬರಹದಂತೆ ಕಂಡಿತು! ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ ನೋಟೊ ಸಾನ್ಸ್ ಕನ್ನಡ ಎಂಬ ಯೂನಿಕೋಡ್ ಫಾಂಟ್ ಹಾಕಿದೆ. ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕುಳಿತವು.

ಇನ್ನೊಂದು ಪೆಟ್ಟು ಬಣ್ಣದಲ್ಲಿ ಬಿತ್ತು. ಇಂಕ್‌ಸ್ಕೇಪ್ ಕೆಲಸ ಮಾಡುವುದು ಪರದೆಯ ಕೆಂಪು-ಹಸಿರು-ನೀಲಿ ಬೆರಕೆಯಾದ ಆರ್‌ಜಿಬಿಯಲ್ಲಿ, ಆಫ್‌ಸೆಟ್ ಮುದ್ರಣ ಕೇಳುವುದು ನಾಲ್ಕು ಶಾಯಿಗಳ ಬೆರಕೆಯಾದ ಸಿಎಂವೈಕೆ. ಮೊದಲ ಪತ್ರಿಕೆಯ ಕುಂಕುಮಗೆಂಪು ಇಟ್ಟಿಗೆಯ ಬಣ್ಣದಲ್ಲಿ ಬಂದಾಗ ವಧುವಿನ ತಂದೆಯ ಮುಖ ನೋಡಲಾಗಲಿಲ್ಲ. ಮರುಮುದ್ರಣದ ಖರ್ಚು ನನ್ನದೇ. ಈಗ ಅಕ್ಷರಗಳನ್ನು ಪಾತ್ (ಫಾಂಟ್ ಬೇಡದ ರೇಖಾಕೃತಿ) ಆಗಿ ಬದಲಿಸಿ, ಇಂಕ್‌ಸ್ಕೇಪ್‌ನ ಎಸ್‌ವಿಜಿ ಕಡತವನ್ನು ಸ್ಕ್ರೈಬಸ್ ಎಂಬ ಪುಟವಿನ್ಯಾಸ ತಂತ್ರಾಂಶಕ್ಕೆ ಒಯ್ದು, ಬಣ್ಣಗಳನ್ನು ಅಲ್ಲಿ ಸಿಎಂವೈಕೆಗೆ ಹೊಂದಿಸಿ ಪಿಡಿಎಫ್ ತೆಗೆಯುತ್ತೇನೆ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ಕೆಂಪು ಕೆಂಪಾಗಿಯೇ ಬರುತ್ತದೆ.

ಗಣಪತಿ, ಕಲಶದ ಹಳೆಯ ಸ್ಕ್ಯಾನ್ ಚಿತ್ರಗಳನ್ನು ಇಂಕ್‌ಸ್ಕೇಪ್‌ನ ‘ಟ್ರೇಸ್ ಬಿಟ್‌ಮ್ಯಾಪ್’ ಸೌಲಭ್ಯ ಚೆನ್ನಾಗಿಯೇ ರೇಖೆಗಿಳಿಸುತ್ತದೆ. ಕೋರೆಲ್‌ಡ್ರಾದ ಹಳೆಯ ಪರವಾನಗಿಯಿರುವ ಗಣಕವನ್ನು ಮಾತ್ರ ಮಾರಿಲ್ಲ. ಹಳೆಯ ಗಿರಾಕಿಗಳು ಪೆನ್‌ಡ್ರೈವ್‌ನಲ್ಲಿ ಸಿಡಿಆರ್ ಕಡತ ಹಿಡಿದು ಬರುವುದು ಇನ್ನೂ ನಿಂತಿಲ್ಲವಲ್ಲ.