ಅಪ್‌ಡೇಟ್: ಮುಳ್ಳಯ್ಯನಗಿರಿ ಈ ಸಲ ಭಟ್ಟಿಯಲ್ಲಿ ಬಾಗಲಿಲ್ಲ

ಪೋರ್ಸಲಿನ್‌ನಲ್ಲಿ (ಬಿಳಿ ಪಿಂಗಾಣಿ ಮಣ್ಣು) ಮಾಡಿದ ಮುಳ್ಳಯ್ಯನಗಿರಿ ಬೆಟ್ಟಸಾಲಿನ ಶಿಲ್ಪ ಭಟ್ಟಿಯಲ್ಲಿ ಬಾಗಿ ಸೀಳುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಆಸರೆಯನ್ನೂ ಅದೇ ಮಣ್ಣಿನಲ್ಲಿ ಮಾಡಿ ಅಂದವರಿಗೆ ದೊಡ್ಡ ನಮಸ್ಕಾರ.

1280 ಡಿಗ್ರಿ ಹತ್ತಿರ ಪೋರ್ಸಲಿನ್ ಮೆತ್ತಗಾಗುತ್ತೆ. ಒಣಗಿ ಬೇಯುವಷ್ಟರಲ್ಲಿ ನೂರಕ್ಕೆ ಹನ್ನೆರಡು ಪಾಲಾದರೂ ಕುಗ್ಗಿರುತ್ತೆ. ಬೆಂದ ಇಟ್ಟಿಗೆಯ ಆಸರೆ ಕುಗ್ಗಲ್ಲ, ಎಳೆದಾಟ ಶುರುವಾಗೋದೇ ಅಲ್ಲಿ. ಈಗ ಹಸಿ ಪೋರ್ಸಲಿನ್ ಕಂಬಗಳನ್ನೇ ಕೊಟ್ಟು, ತಾಗುವ ಕಡೆ ಅಂಟದಂತೆ ಅಲ್ಯೂಮಿನಾ ಪುಡಿ ಬಳಿದೆ. ಎರಡೂ ಒಟ್ಟಿಗೇ ಕುಗ್ಗಿದವು, ಕಂಬಗಳು ಸಲೀಸಾಗಿ ಬಿಟ್ಟುಕೊಂಡವು.

ಶಿಲ್ಪದಲ್ಲಿ ಶೋಲಾ ಕಾಡಿನ ಕಣಿವೆಯ ಮಡಿಪುಗಳು ಎಷ್ಟು ತೆಳುವೆಂದರೆ, ಹಿಂದೆ ಬೆರಳಿಟ್ಟು ಬೆಳಕಿಗೆ ಹಿಡಿದರೆ ನೆರಳು ಕಾಣುತ್ತೆ. ಮಂಜಿನ ಬೆಟ್ಟಕ್ಕೆ ಈ ಮಣ್ಣೇ ಬೇಕು ಅಂತ ಹಟ ಹಿಡಿದದ್ದು ಇದಕ್ಕೇ!

ಮುಂದೆ ಬಾಬಾಬುಡನ್‌ಗಿರಿ. ಚಿಕ್ಕಮಗಳೂರಿನ ಮಳೆ ಬಿಡಲಿ, ಈ ಥಂಡಿಯಲ್ಲಿ ಏನೂ ಒಣಗಲ್ಲ.