ಅಪ್‌ಡೇಟ್: ಬಂದೂಕು ಕೊಂಡರೆ ಹೆಸರು ಎಲ್ಲಿ ಉಳಿಯುತ್ತದೆ?

ಅಮೆರಿಕದಲ್ಲಿ ಬಂದೂಕು ಕೊಂಡರೆ ನನ್ನ ಹೆಸರು ಸರ್ಕಾರದ ಪಟ್ಟಿಗೆ ಸೇರುತ್ತದಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಖರೀದಿ ಮುಗಿಯಿತು.

ಅಂಗಡಿಯಲ್ಲಿ 4473 ಫಾರಂ (ಬಂದೂಕು ಕೊಳ್ಳುವವರು ತುಂಬಬೇಕಾದ ಕೇಂದ್ರ ಸರ್ಕಾರದ ಫಾರಂ) ತುಂಬಿದೆ. ‘ನಿಜವಾಗಿ ಕೊಳ್ಳುತ್ತಿರುವವರು ನೀವೇನಾ?’ ಅನ್ನುವ ಪ್ರಶ್ನೆಯೂ ಅದರಲ್ಲಿದೆ. ಬೇರೆಯವರಿಗಾಗಿ ಕೊಂಡು ಸುಳ್ಳು ಬರೆದರೆ ಅಪರಾಧ. ಕೊಳ್ಳುವವರ ಹಿನ್ನೆಲೆ ನೋಡುವ ಎಫ್‌ಬಿಐ ತಪಾಸಣೆಯಲ್ಲಿ ಮೊದಲು ‘ಡಿಲೇಡ್’ (ತಡ) ಅಂತ ಬಂತು. ಸುಮ್ನೆ ಗಾಬರಿಯಾದೆ, ಅದು ನಿರಾಕರಣೆ ಅಲ್ಲ. ಮರುದಿನ ‘ಪ್ರೊಸೀಡ್’ (ಮಾರಬಹುದು) ಆಯಿತು.

ಹೀಗೆ ಪಾಸಾದವರ ಗುರುತಿನ ವಿವರವನ್ನು ಎಫ್‌ಬಿಐ 24 ಗಂಟೆಯೊಳಗೆ ಅಳಿಸಬೇಕು. ಫಾರಂ ಮಾತ್ರ ಅಂಗಡಿಯವರ ಹತ್ತಿರವೇ ಇರುತ್ತದೆ. ಅವರು ವ್ಯಾಪಾರ ನಿಲ್ಲಿಸಿದರೆ ಅದನ್ನು ಎಟಿಎಫ್‌ಗೆ (ಬಂದೂಕು ವ್ಯಾಪಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಕಳಿಸಬೇಕು. ಇಡೀ ದೇಶದ ಮಾಲೀಕರ ಪಟ್ಟಿ ಮಾಡದಂತೆ 1986ರ ಕಾಯ್ದೆ ತಡೆದಿದೆ. ಆದರೆ ರಾಜ್ಯಗಳ ಕಥೆ ಬೇರೆ: ಕ್ಯಾಲಿಫೋರ್ನಿಯಾ ತನ್ನದೇ ದಾಖಲೆ ಇಟ್ಟುಕೊಳ್ಳುತ್ತದೆ.